ದಾಳದ ಮೇಲೆ ಗೂಬೆ

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಬನಶಂಕರಿಯಲ್ಲಿ ಗೆಳೆಯನ ಮನೆ. ಊಟದ ಮೇಜಿನ ಮೇಲೆ ಒಂದು ಪೊಟ್ಟಣ ಕಾಂಗ್ರೆಸ್ ಕಡಲೆ, ಕೋಡುಬಳೆ, ಪೆನ್ಸಿಲ್ಲು, ರಬ್ಬರು, ಒಂದು ರಾಶಿ ಬಣ್ಣಬಣ್ಣದ ದಾಳ. ಸುತ್ತ ಐದು ಜನ: ನಾಲ್ಕು ಹುಡುಗರು, ಒಬ್ಬಳು ಹುಡುಗಿ. ಹುಡುಗರು ಅಂತ ಅಭ್ಯಾಸಕ್ಕೆ ಹೇಳಿದೆ. ಎಲ್ಲರಿಗೂ ಮೂವತ್ತು ದಾಟಿತ್ತು. ಇಬ್ಬರಿಗೆ ಹೋಮ್ ಲೋನು ಇತ್ತು, ಒಬ್ಬನಿಗೆ ಮಗು ಇತ್ತು.

ಆಡ್ತಾ ಇದ್ದದ್ದು ಡಂಜನ್ಸ್ ಆ್ಯಂಡ್ ಡ್ರಾಗನ್ಸ್. ‘ಸ್ಟ್ರೇಂಜರ್ ಥಿಂಗ್ಸ್’ನಲ್ಲಿ ನಾಲ್ಕು ಹುಡುಗರು ಬೇಸ್‌ಮೆಂಟಿನಲ್ಲಿ ಕೂತು ಕಿರುಚಾಡ್ತಾ ಆಡ್ತಾರಲ್ಲ, ಅದೇ. ನೋಡದವರಿಗೆ ಎರಡು ಮಾತು. ಇದರಲ್ಲಿ ಗೆಲ್ಲೋದು ಸೋಲೋದು ಅಂತ ಇಲ್ಲ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಉಳಿದವರಿಗೆ ತಲಾ ಒಂದು ಪಾತ್ರ. ‘ನಿಮ್ಮೆದುರು ಒಂದು ಪಾಳು ಕೋಟೆ ಇದೆ, ಏನ್ ಮಾಡ್ತೀರಿ?’ ಅಂತ ಡಿಎಂ ಕೇಳಬೇಕು. ‘ಗೋಡೆ ಹತ್ತುತ್ತೀನಿ’ ಅಂತ ಆಟಗಾರ ಹೇಳಬೇಕು. ಆಗತ್ತೋ ಇಲ್ವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ತೀರ್ಮಾನಿಸತ್ತೆ. ಡಿಎಂ ಅಂದರೆ ಕತೆ ಹೇಳೋ ಅಜ್ಜಿ, ಮ್ಯಾಚಿನ ಅಂಪೈರು, ಜೊತೆಗೆ ಸಿನಿಮಾದಲ್ಲಿ ಹೀರೋಗಳನ್ನು ಬಿಟ್ಟು ಉಳಿದೆಲ್ಲ ಪಾತ್ರ. ಮೂರೂ ಒಬ್ಬರೇ. ಆವತ್ತು ಅದು ನಾನು.

ಆ ಗೆಳತಿ ನಮ್ಮ ಗುಂಪಿಗೆ ಹೊಸಬಳು. ಮಿಕ್ಕವರೆಲ್ಲ ನಾಲಿಗೆ ಹೊರಳದ ಎಲ್ಫ್ ಹೆಸರುಗಳನ್ನು ಇಟ್ಟುಕೊಂಡಿದ್ದರೆ ಇವಳು ಡ್ವಾರ್ಫ್ ಯೋಧೆಯೊಬ್ಬಳನ್ನು ಮಾಡಿಕೊಂಡು ಬಂದಳು. ಹೆಸರು ಗುಂಡಕ್ಕ. ನಾಲ್ಕಡಿ ಎತ್ತರ, ಒರಳಿನ ಗುಂಡುಕಲ್ಲಿನಂಥ ಮೈಕಟ್ಟು, ಕೈಯಲ್ಲಿ ಕೊಡಲಿ, ಮುಖದಲ್ಲಿ ಎರಡು ಜಡೆ ಹೆಣೆದ ಗಡ್ಡ. ಡ್ವಾರ್ಫ್ ಹೆಂಗಸರಿಗೆ ಗಡ್ಡ ಇರತ್ತಾ ಅನ್ನೋದು ಈ ಆಟದವರ ನಡುವೆ ದಶಕಗಳಿಂದ ನಡೆಯುತ್ತಿರುವ ವಾದ. ಅವಳು ಎರಡೇ ಮಾತಲ್ಲಿ ಮುಗಿಸಿದಳು: ‘ಗುಂಡಕ್ಕಂಗೆ ಇದೆ. ಎಣ್ಣೆ ಹಚ್ತಾಳೆ.’

ಮೂರನೇ ವಾರ. ಪಾತ್ರಗಳು ಒಂದು ಹೆಂಡದಂಗಡಿಗೆ ಬಂದವು. ಮಧ್ಯಕಾಲದ ಊರು, ಹೊಗೆ, ಗಲಾಟೆ. ವಾತಾವರಣ ಕಟ್ಟಬೇಕಿತ್ತು. ಒಬ್ಬ ಕುಡುಕನನ್ನು ತಂದೆ, ದನಿ ಬದಲಿಸಿ ಮಾತಾಡಿದೆ. ಅವನು ಗುಂಡಕ್ಕನ ಗಡ್ಡ ಹಿಡಿದೆಳೆದು ಮದುವೆ ವಿಷಯ ಕೇಳಿದ. ಮೇಜು ನಕ್ಕಿತು. ಸೊಂಟಕ್ಕೆ ಕೈ ಹಾಕಿದ. ಇನ್ನಷ್ಟು ನಗು. ಅವಳು ನಗದೆ, ‘ಅವನ ಕೈ ಮುರೀತೀನಿ’ ಅಂದು ದಾಳ ಎಸೆದಳು. ಬಿದ್ದದ್ದು ಮೂರು. ಏಟು ತಪ್ಪಿತು. ನಾನು ಹೇಳಿದೆ: ‘ಅವನು ನಗ್ತಾ ನಿನ್ನನ್ನ ಎಳೆದು ತೊಡೆ ಮೇಲೆ ಕೂರಿಸ್ಕೊಂಡ.’

ಮೇಜು ತಟ್ಟಿ ನಕ್ಕರು. ನಾನೂ ನಕ್ಕೆ.

ಅವಳು ಜಗಳ ಆಡಲಿಲ್ಲ. ಹತ್ತು ನಿಮಿಷ ಮೊಬೈಲು ನೋಡುತ್ತಾ ಕೂತಳು. ಆಮೇಲೆ ‘ನಾಳೆ ಬೆಳಗ್ಗೆ ಸ್ಟ್ಯಾಂಡಪ್ ಇದೆ, ಹೊರಡ್ತೀನಿ’ ಅಂದಳು. ಗಂಟೆ ನಾಲ್ಕೂವರೆ. ನಾಳೆ ಬೆಳಗಿನ ಸ್ಟ್ಯಾಂಡಪ್‌ಗೆ ಭಾನುವಾರ ನಾಲ್ಕೂವರೆಗೆ ಯಾರೂ ಹೊರಡಲ್ಲ ಅಂತ ಐದೂ ಜನಕ್ಕೆ ಗೊತ್ತಿತ್ತು.

ರಾತ್ರಿ ಮೆಸೇಜ್ ಮಾಡಿದೆ. ‘ಬೇಜಾರಾಯ್ತಾ? ದಾಳ ಹಾಗೆ ಬಿತ್ತು, ನಾನೇನ್ ಮಾಡ್ಲಿ?’

ಉತ್ತರ ತಕ್ಷಣ ಬಂತು. ‘ದಾಳದಲ್ಲಿ ಬಿದ್ದದ್ದು ಮೂರು. ಮೂರು ಅಂದ್ರೆ ಅವನ ತೊಡೆ ಮೇಲೆ ಕೂರೋದು ಅಂತ ಯಾವ ಪುಸ್ತಕದಲ್ಲಿದೆ? ಪೇಜ್ ನಂಬರ್ ಕೊಡು.’ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: ‘ವಾರವೆಲ್ಲ ಬಸ್ಸಲ್ಲಿ, ಆಫೀಸಲ್ಲಿ ಇದೇ ಆಗತ್ತೆ ಕಣೋ. ಒಂದಿನ ಗುಂಡಕ್ಕ ಆಗೋಣ ಅಂತ ಬಂದಿದ್ದೆ.’

ಅವಳು ಮತ್ತೆ ಬರಲಿಲ್ಲ.

*

ಸುಳ್ಳು ಹೇಳಲ್ಲ, ನಾನು ಪೇಜ್ ನಂಬರ್ ಹುಡುಕಿದೆ. ವಾದ ಗೆಲ್ಲೋಕೆ ಅಂತಲೇ ಹುಡುಕಿದೆ. ‘ಆ ಕಾಲದ ಲೋಕವೇ ಹಾಗಿತ್ತು, ಆಟದಲ್ಲೇ ಇದೆ’ ಅಂತ ತೋರಿಸಿಬಿಟ್ಟರೆ ತಪ್ಪು ನನ್ನದಲ್ಲ ಅಂತಾಗತ್ತಲ್ಲ. ಹಳೇ ರೂಲ್‌ಬುಕ್‌ಗಳಿಂದಲೇ ಶುರು ಮಾಡಿದೆ. ಬೇಕಾದ್ದು ಸಿಕ್ಕಿತು. ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು.

ಆಟ ಹೊರಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಂದ. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇಬ್ಬರೂ ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಆ ಲೋಕ ಹೆಚ್ಚುಕಮ್ಮಿ ಪೂರ್ತಿ ಗಂಡಸರದ್ದು. ಮೊದಲ ಪೆಟ್ಟಿಗೆಯಲ್ಲಿದ್ದ ಮೂರು ಕಿರುಪುಸ್ತಕಗಳಲ್ಲಿ ಒಂದರ ಹೆಸರು ‘ಮೆನ್ ಆ್ಯಂಡ್ ಮ್ಯಾಜಿಕ್’. ಯೋಧನ ವರ್ಗಕ್ಕೆ ‘ಫೈಟಿಂಗ್ ಮ್ಯಾನ್’ ಅಂತಲೇ ಹೆಸರು. ಬೇಕಂತ ಹೊರಗಿಟ್ಟರು ಅಂತಲ್ಲ, ಹೆಂಗಸರು ಆಡಬಹುದು ಅಂತ ಬಹುಶಃ ನೆನಪೇ ಆಗಿರಲಿಕ್ಕಿಲ್ಲ.

ನೆನಪಾದಾಗ ಏನಾಯ್ತು ನೋಡಿ. 1975ರ ಪೂರಕ ಪುಸ್ತಕ ‘ಗ್ರೇಹಾಕ್’ನಲ್ಲಿ ಒಳ್ಳೇ ಡ್ರಾಗನ್‌ಗಳಿಗೆ ಒಬ್ಬ ರಾಜ, ಕೆಟ್ಟ ಡ್ರಾಗನ್‌ಗಳಿಗೆ ಒಬ್ಬ ರಾಣಿ ಬಂದರು. ಜೊತೆಗೆ, ಇದರಿಂದ ಸ್ತ್ರೀ ವಿಮೋಚನೆಯವರು ಏನು ಬೇಕಾದರೂ ಅಂದುಕೊಳ್ಳಲಿ ಅನ್ನೋ ಅರ್ಥದ ಒಂದು ಕೊಂಕು. 1976ರಲ್ಲಿ ‘ದಿ ಡ್ರಾಗನ್’ ಪತ್ರಿಕೆಯ ಮೂರನೇ ಸಂಚಿಕೆಯಲ್ಲಿ, ಹೆಣ್ಣು ಪಾತ್ರಗಳನ್ನು ಆಟಕ್ಕೆ ತರುವುದು ಹೇಗೆ ಅಂತಲೇ ಒಂದು ಲೇಖನ. ಬರೆದವರ ಉದ್ದೇಶ ಸ್ವಾಗತಿಸೋದೇ ಇತ್ತು. ಆದರೆ ಅವರ ಸಲಹೆ ಪ್ರಕಾರ ಹೆಣ್ಣು ಪಾತ್ರಕ್ಕೆ ಬಲದ ಅಂಕ ಕಡಿಮೆ ಬೀಳುವ ದಾಳಗಳು, ವ್ಯಕ್ತಿತ್ವದ ವರ್ಚಸ್ಸಿನ ಜಾಗದಲ್ಲಿ ‘ಸೌಂದರ್ಯ’ ಅನ್ನೋ ಅಂಕ, ಮಂತ್ರಗಳಲ್ಲಿ ಗಂಡಸರನ್ನು ಮರುಳು ಮಾಡುವಂಥವು. ‘ಬನ್ನಿ, ಒಳಗೆ ಬನ್ನಿ’ ಅಂತ ಕರೆದು, ಬಂದವಳನ್ನು ನೇರ ಕನ್ನಡಿ ಮುಂದೆ ಕೂರಿಸಿದ ಹಾಗೆ.

ಅದು ಬರೀ ಸಲಹೆ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಅಧಿಕೃತ ನಿಯಮ. ಅದರಲ್ಲೊಂದು ಕೋಷ್ಟಕ, ಯಾವ ಕುಲದ ಗಂಡಿಗೆ ಎಷ್ಟು ಬಲ, ಹೆಣ್ಣಿಗೆ ಎಷ್ಟು ಅಂತ. ಮನುಷ್ಯರಲ್ಲಿ ಗಂಡಸು ಯೋಧನ ಬಲ 18ರ ಮೇಲೆ ಇನ್ನೂ ನೂರು ಮೆಟ್ಟಿಲು ಹತ್ತಬಹುದು. ಹೆಂಗಸು ಐವತ್ತಕ್ಕೆ ನಿಲ್ಲಬೇಕು. ‘ವಾಸ್ತವ ತಾನೇ, ಒಲಿಂಪಿಕ್ಸ್ ನೋಡಿಲ್ವಾ?’ ಅನ್ನೋದು ಇದಕ್ಕೆ ಸಿದ್ಧ ಉತ್ತರ. ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಕೋಷ್ಟಕವನ್ನು ಸ್ವಲ್ಪ ಕೆಳಗೆ ಓದಿ. ಮೂರಡಿ ಎತ್ತರದ ಹಾಫ್ಲಿಂಗ್ ಗಂಡಸಿನ ಬಲ 17ರವರೆಗೆ ಹೋಗಬಹುದು. ಎಲ್ಫ್ ಹೆಂಗಸಿಗೆ 16ಕ್ಕೇ ಬೇಲಿ. ಮೊಣಕಾಲೆತ್ತರದ ಗಂಡಸು ಆಳೆತ್ತರದ ಹೆಂಗಸನ್ನು ಪಂಜ ಕುಸ್ತಿಯಲ್ಲಿ ಸೋಲಿಸಬಹುದಾದ ಲೋಕ ಯಾವ ಒಲಿಂಪಿಕ್ಸಿನ ವಾಸ್ತವ?

ಇನ್ನೂ ಒಂದು ಲೆಕ್ಕ ಹಾಕಿದೆ. ಹಳೇ ಪದ್ಧತಿಯಲ್ಲಿ ಮೂರು ದಾಳ ಹಾಕಿ 18 ಬರಬೇಕು ಅಂದರೆ ಮೂರರಲ್ಲೂ ಆರು ಬೀಳಬೇಕು, 216ರಲ್ಲಿ ಒಂದು ಸಲ. ಅದಾದ ಮೇಲೆ ನೂರರ ದಾಳದಲ್ಲಿ ಐವತ್ತು ದಾಟಬೇಕು. ಒಟ್ಟು 432ರಲ್ಲಿ ಒಂದು ಸಲ. ಅಂದರೆ ಮನುಷ್ಯ ಹೆಣ್ಣಿನ ಮಿತಿ ನಿಜವಾಗಿ ತಾಗೋದು ಇನ್ನೂರು ಮುನ್ನೂರು ಪಾತ್ರ ಮಾಡಿದರೂ ಒಂದು ಸಲ ಆಗದಿರಬಹುದಾದ ಸಂದರ್ಭಕ್ಕೆ. ಆಟದ ಸಮತೋಲಕ್ಕೆ ಈ ನಿಯಮದಿಂದ ಹೆಚ್ಚುಕಮ್ಮಿ ಏನೂ ಆಗಲ್ಲ. ಹಾಗಾದರೆ ಅದನ್ನು ಅಚ್ಚು ಹಾಕಿದ್ದು ಯಾಕೆ? ನನಗೆ ಹೊಳೆಯುವ ಉತ್ತರ ಒಂದೇ. ಅದು ಆಟಕ್ಕೆ ಬೇಕಾಗಿರಲಿಲ್ಲ, ಬರೆಯುವವರಿಗೆ ಹೇಳಬೇಕೆನಿಸಿತ್ತು. ಬೆಂಕಿ ಉಗುಳುವ ಹಲ್ಲಿ ಹಾರಬಹುದು, ಸತ್ತವನು ಮಂತ್ರಕ್ಕೆ ಎದ್ದು ಕೂರಬಹುದು. ಎಲ್ಲವನ್ನೂ ಸಡಿಲಿಸಿದ ಮೇಲೂ ಕೈ ಬಿಡದ ಒಂದು ಗಂಟು ಇತ್ತು.

1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ನನ್ನ ಪೇಜ್ ನಂಬರೂ ಸಿಕ್ಕಿತು ಅನ್ನಿ. ನಗರದ ಬೀದಿಯಲ್ಲಿ ಯಾರು ಎದುರಾಗ್ತಾರೆ ಅಂತ ದಾಳ ಹಾಕಿ ನೋಡುವ ಪಟ್ಟಿ. ಅದರೊಳಗೆ ವೇಶ್ಯೆ ಅಂತ ಬಂದರೆ ಎಂಥ ವೇಶ್ಯೆ ಅಂತ ನೋಡೋಕೆ ಇನ್ನೊಂದು ಉಪಪಟ್ಟಿ, ನೂರರ ದಾಳ, ಹತ್ತಕ್ಕೂ ಹೆಚ್ಚು ಬಗೆ. ಆ ಊರಲ್ಲಿ ಬಡಗಿ ಎಂಥವನು, ವೈದ್ಯೆ ಎಂಥವಳು ಅಂತ ನೋಡೋಕೆ ಅಂಥ ಉಪಪಟ್ಟಿ ನನಗೆ ಕಾಣಲಿಲ್ಲ.

ಗೆದ್ದೆ ಅಂತ ಅನಿಸಬೇಕಿತ್ತು. ಅನಿಸಲಿಲ್ಲ. ಆ ಪಟ್ಟಿಯ ಮುಂದೆ ಕೂತಾಗಲೇ ಗೆಳತಿಯ ಪ್ರಶ್ನೆ ನನಗೆ ಅರ್ಥವಾದದ್ದು. ನೂರರ ದಾಳ ಉರುಳಿದಾಗ ಯಾವ ಸಾಲು ಅಂತ ಅದು ಹೇಳತ್ತೆ. ಸಾಲುಗಳನ್ನು ಮೊದಲೇ ಯಾರೋ ಬರೆದಿರ್ತಾರೆ. ದಾಳಕ್ಕೆ ಹೆಣ್ಣು ಗಂಡು ಗೊತ್ತಿಲ್ಲ. ಮೂರು ಅಂದರೆ ‘ಏಟು ತಪ್ಪಿತು’. ಆಮೇಲಿನದು ನನ್ನ ತಲೆಯಲ್ಲಿದ್ದ ಪಟ್ಟಿ. ಕುಡುಕ ಹಿಂದೆ ಜರುಗಿ ಮೇಜಿಗೆ ಎಡವಬಹುದಿತ್ತು. ಗುಂಡಕ್ಕನ ಮುಷ್ಟಿ ಪಕ್ಕದ ಹೆಂಡದ ಪೀಪಾಯಿಗೆ ಬಿದ್ದು ಊರೆಲ್ಲ ಒದ್ದೆಯಾಗಬಹುದಿತ್ತು. ಇಷ್ಟು ಸಾಧ್ಯತೆ ಇದ್ದಾಗ ನನಗೆ ಮೊದಲು ಹೊಳೆದದ್ದು ತೊಡೆ. ಅದನ್ನ ಹೊಳೆಸಿಕೊಂಡದ್ದು ನಾನು, ಗೂಬೆ ಕೂರಿಸಿದ್ದು ದಾಳದ ಮೇಲೆ.

*

ಹಳೇ ಪುಸ್ತಕಗಳನ್ನು ಬೈದು ಮುಗಿಸೋದು ಸುಲಭ. ಆದರೆ ನನಗೆ ಅವು ಈಗಲೂ ಇಷ್ಟ. ಜೊತೆಗೆ ಬೈಗುಳದಲ್ಲಿ ಒಂದು ಸುಳ್ಳೂ ನುಸುಳಿಕೊಳ್ಳತ್ತೆ: ಆಗ ಹೆಂಗಸರೇ ಇರಲಿಲ್ಲ, ಹಾಗಾಗಿ ಗಂಡಸರು ಹಾಗೆ ಬರೆದರು ಅಂತ. ಇದ್ದರು. 1975ರಿಂದಲೇ ಲಾಸ್ ಏಂಜಲೀಸಿನಲ್ಲಿ ಲೀ ಗೋಲ್ಡ್ ಎಂಬಾಕೆ ಈ ಆಟಗಾರರ ಬರಹಗಳನ್ನು ಒಟ್ಟುಗೂಡಿಸಿ ‘ಅಲಾರಮ್ಸ್ ಆ್ಯಂಡ್ ಎಕ್ಸ್‌ಕರ್ಶನ್ಸ್’ ಹೊರತರುತ್ತಿದ್ದರು. 1980ರಲ್ಲಿ ಬಂದ ಗ್ರೇಹಾಕ್ ಲೋಕದ ಹೆಸರಾಂತ ನಕ್ಷೆ ಬಿಡಿಸಿದವರು ಡಾರ್ಲೀನ್ ಎಂಬ ಕಲಾವಿದೆ. ಇವತ್ತಿಗೂ ಜನ ಆಡುವ ‘ರೇವನ್‌ಲಾಫ್ಟ್’ (1983) ಟ್ರೇಸಿ ಹಿಕ್ಮನ್ ಜೊತೆಗೆ ಅವರ ಹೆಂಡತಿ ಲಾರಾ ಹಿಕ್ಮನ್ ಬರೆದದ್ದು. ‘ಡ್ರಾಗನ್‌ಲಾನ್ಸ್’ ಕಾದಂಬರಿಗಳ ಹೆಸರು ಕೇಳಿದ್ದರೆ, ಮಾರ್ಗರೆಟ್ ವೈಸ್ ಅವುಗಳ ಲೇಖಕರಲ್ಲಿ ಒಬ್ಬರು. ಕಂಪನಿಯೊಳಗೆ ಮೊದಲ ಮಹಿಳಾ ವಿನ್ಯಾಸಕಿ ಜೀನ್ ವೆಲ್ಸ್. 1981ರಲ್ಲಿ ಆಕೆ ಬರೆದ ಸಾಹಸಕತೆ ಅಚ್ಚಾದ ಮೇಲೂ ಕಂಪನಿ ಪ್ರತಿಗಳನ್ನು ವಾಪಸ್ ತೆಗೆದುಕೊಂಡಿತು. ಅದೇ ಹೆಸರಲ್ಲಿ ಮತ್ತೊಬ್ಬರು ತಿದ್ದಿ ಬರೆದದ್ದು ಮಾರಾಟಕ್ಕೆ ಬಂತು.

ಅಂದರೆ ಮೇಜಿನ ಸುತ್ತ ಹೆಂಗಸರು ಬಂದು ಕೂತಾಗಿತ್ತು. ಕಲ್ಪನೆ ಇನ್ನೂ ಮೆಟ್ಟಿಲ ಬಳಿಯೇ ನಿಂತಿತ್ತು. ವಿಚಿತ್ರ ಅಲ್ವಾ? ವಾಸ್ತವಕ್ಕಿಂತ ಮುಂದೆ ಓಡಬೇಕಾದ್ದು ಕಲ್ಪನೆ. ಇಲ್ಲಿ ಅದು ವಾಸ್ತವಕ್ಕಿಂತ ಹಿಂದೆ ಬಿದ್ದಿತ್ತು.

ಆಟದೊಳಗೆ ಹೆಂಗಸರು ಆಳುವ ಸಮಾಜ ಒಂದು ಇದೆ, 1978ರಿಂದಲೇ ಇದೆ. ‘ಡ್ರೌ’ ಎಂಬ ಕಪ್ಪು ಮೈಬಣ್ಣದ ಎಲ್ಫ್‌ಗಳು. ನೆಲದಡಿ ವಾಸ, ಜೇಡದ ದೇವತೆಯ ಪೂಜೆ, ಪೂಜಾರಿಣಿಯರದ್ದೇ ಆಳ್ವಿಕೆ, ಕ್ರೌರ್ಯವೇ ಕಸುಬು. ಹೆಣ್ಣಿನ ಕೈಗೆ ಅಧಿಕಾರ ಕೊಟ್ಟು ಕಲ್ಪಿಸಿ ಅಂದಾಗ ಮೊದಲು ಬಂದ ಚಿತ್ರ ಅದು. ಆ ಜನಾಂಗದಲ್ಲಿ ಲೋಕವೆಲ್ಲ ಮೆಚ್ಚಿದ ಒಳ್ಳೆಯವನು ಒಬ್ಬ ಹುಟ್ಟಿದ, 1988ರ ಕಾದಂಬರಿಯ ಡ್ರಿಜ್ಜ್ಟ್. ಅವನು ಗಂಡು. ನನಗೂ ಅವನು ಅಚ್ಚುಮೆಚ್ಚು. ಆದರೆ ಈ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಯಾವುದೂ ಅಕಸ್ಮಾತ್ ಅಂತ ಅನಿಸಲ್ಲ.

ಪುಸ್ತಕಗಳು ಬದಲಾದವು. 1989ರ ಎರಡನೇ ಆವೃತ್ತಿಯಲ್ಲಿ ಹೆಣ್ಣಿನ ಬಲದ ಮಿತಿ ಹೋಯಿತು. ಡ್ರಾಗನ್‌ಗಳೇನೂ ಸಾಯಲಿಲ್ಲ. 2000ದ ಮೂರನೇ ಆವೃತ್ತಿಯಲ್ಲಿ ಮಾದರಿ ಪಾತ್ರಗಳಲ್ಲಿ ಹೆಂಗಸರೂ ಬಂದರು, ನಿಯಮ ವಿವರಿಸುವಾಗ ‘ಅವನು’ ಜೊತೆಗೆ ‘ಅವಳು’ ಕೂಡ ಬಂತು. 2014ರ ಪುಸ್ತಕ ನಿಮ್ಮ ಪಾತ್ರ ಗಂಡು ಹೆಣ್ಣು ಎಂಬ ಎರಡೇ ಡಬ್ಬಿಗೆ ಸೇರಬೇಕಿಲ್ಲ ಅಂತ ನೇರವಾಗಿ ಹೇಳಿತು. ‘ಸ್ಟ್ರೇಂಜರ್ ಥಿಂಗ್ಸ್’ ನಾಲ್ಕನೇ ಸೀಸನ್ನಿನಲ್ಲಿ ಎರಿಕಾ ಎಂಬ ಪುಟ್ಟ ಹುಡುಗಿ, ಒಲ್ಲೆ ಅನ್ನುವ ಹಿರಿ ಹುಡುಗರ ಮೇಜಿಗೆ ಬಂದು ಕೂತು, ಕೊನೆಗೆ ಇಪ್ಪತ್ತು ಹಾಕುವ ದೃಶ್ಯ ಅಷ್ಟು ಖುಷಿ ಕೊಡೋದು ಯಾಕೆ ಅಂದರೆ, ದಾಳಕ್ಕೆ ಅವಳು ಯಾರು ಅಂತ ಗೊತ್ತಿಲ್ಲ. ಗೊತ್ತಿರೋದು ಸುತ್ತ ಕೂತವರಿಗೆ ಮಾತ್ರ.

ಹಾಗಾಗಿ ನನ್ನ ಕಪಾಟಿನಲ್ಲಿದ್ದದ್ದು 2014ರ ಪುಸ್ತಕ. ತಲೆಯಲ್ಲಿದ್ದದ್ದು 1979ರ ಪಟ್ಟಿ. ಹೊಸ ಆವೃತ್ತಿ ಕೊಂಡ ಮಾತ್ರಕ್ಕೆ ಅದೇನೂ ಅಪ್‌ಡೇಟ್ ಆಗಿರಲಿಲ್ಲ.

*

ಈಗ ಎರಡು ಆಕ್ಷೇಪಣೆಗಳು. ಎರಡೂ ನನ್ನದೇ. ಆಮೇಲೆ ಉಳಿದ ಮೂವರ ಬಾಯಲ್ಲೂ ಕೇಳಿದೆ.

ಮೊದಲನೆಯದು ‘ರಿಯಲಿಸಂ’. ಮಧ್ಯಕಾಲದಲ್ಲಿ ಹೆಂಗಸರ ಪಾಡು ಹಾಗೇ ಇತ್ತು, ಮರೆಮಾಚಬೇಕಾ? ಸರಿ. ಆದರೆ ಮಧ್ಯಕಾಲದಲ್ಲಿ ಹೇನೂ ಇತ್ತು, ಕಜ್ಜಿಯೂ ಇತ್ತು, ಭೇದಿಗೆ ಸೈನ್ಯಗಳೇ ಸಾಯುತ್ತಿದ್ದವು. ನನ್ನ ನಾಲ್ಕು ವರ್ಷದ ಡಿಎಂಗಿರಿಯಲ್ಲಿ ಒಬ್ಬ ಗಂಡು ಪಾತ್ರಕ್ಕೂ ನಾನು ಭೇದಿ ಬರಿಸಿಲ್ಲ. ಹೆಂಗಸಿನ ಪಾತ್ರ ಬಾಗಿಲು ದಾಟಿದ ತಕ್ಷಣ ಮಾತ್ರ ನನಗೆ ಇತಿಹಾಸ ಜ್ಞಾಪಕಕ್ಕೆ ಬಂತು. ಅದೂ ಅರ್ಧ ಇತಿಹಾಸ. ನಾವು ನಾಲ್ಕನೇ ಕ್ಲಾಸಿನಿಂದ ಕೇಳಿಕೊಂಡು ಬಂದ ಚಿತ್ರದುರ್ಗದ ಕತೆಯಲ್ಲಿ ಒಬ್ಬಳು ಕಿಂಡಿಯ ಪಕ್ಕ ನಿಂತಿದ್ದಾಳೆ, ಕೈಯಲ್ಲಿ ಒನಕೆ. ನನ್ನ ಆಟದ ಲೆಕ್ಕದಲ್ಲಿ ಅದು ಸಿಕ್ಕಿದ್ದನ್ನೇ ಆಯುಧ ಮಾಡಿಕೊಳ್ಳುವ ವರ್ಗ, ನಾಲ್ಕು ಮುಖದ ಪುಟ್ಟ ದಾಳ. ಓಬವ್ವನ ಕತೆ ಹೇಳುವಾಗ ‘ಇದು ರಿಯಲಿಸ್ಟಿಕ್ಕಾ?’ ಅಂತ ನಾವ್ಯಾರೂ ಮೇಷ್ಟ್ರನ್ನ ಕೇಳಿರಲಿಲ್ಲ.

ಎರಡನೆಯದು ಗಟ್ಟಿಯದ್ದು: ‘ಇದು ಬರೀ ಆಟ ಮಗಾ. ಗಾಬ್ಲಿನ್‌ಗಳನ್ನ ಡಜನ್ನುಗಟ್ಟಲೆ ಕೊಚ್ಚಿ ಹಾಕ್ತೀವಿ. ಕೊಲೆಗೆ ಬೇಜಾರಿಲ್ಲ, ಸೊಂಟ ಮುಟ್ಟಿದ್ದಕ್ಕೆ ಬೇಜಾರಾ? ವಿಲನ್ನು ಕೂಡ ಎಚ್‌ಆರ್ ಟ್ರೈನಿಂಗ್ ಮುಗಿಸಿರಬೇಕಾ?’

ಇದನ್ನು ನಗೆಯಲ್ಲಿ ತಳ್ಳಿಹಾಕೋಕೆ ಆಗಲ್ಲ. ಕಲ್ಪನೆಯಲ್ಲಿ ಯಾರಿಗೂ ಪೆಟ್ಟಾಗಲ್ಲ ಅನ್ನೋದು ನಿಜವಾದರೆ ಕೊಲೆಯೂ ಒಂದೇ, ಇದೂ ಒಂದೇ. ಬಹಳ ದಿನ ಯೋಚಿಸಿದ ಮೇಲೆ ನನಗೆ ಸಿಕ್ಕ ಉತ್ತರ ಇಷ್ಟು. ನಮ್ಮ ಮೇಜಿನ ಸುತ್ತ ಕೂತವರಲ್ಲಿ ಸೋಮವಾರ ಬೆಳಗ್ಗೆ ಗಾಬ್ಲಿನ್ ಆಗುವವರು ಯಾರೂ ಇರಲಿಲ್ಲ. ಕೊಡಲಿ ಏಟು ತಿಂದವರೂ ಇರಲಿಲ್ಲ. ನಮಗೆ ಕೊಲೆ ಪೂರ್ತಿ ಕಟ್ಟುಕತೆ, ಅದಕ್ಕೇ ಅದು ಆಟ. ಸೊಂಟದ ಮೇಲಿನ ಕೈ ನಾಲ್ವರಿಗೆ ಕಟ್ಟುಕತೆ, ಒಬ್ಬಳಿಗೆ ಬಸ್ ನಂಬರ್ ಸಮೇತ ಜ್ಞಾಪಕ. ಕಲ್ಪನೆ ಎಲ್ಲರಿಗೂ ಒಂದೇ ದೂರದಲ್ಲಿ ಇರಲ್ಲ. ನಾವು ನಾಲ್ವರು ದೂರದಿಂದ ನೋಡಿ ನಗ್ತಿದ್ದದ್ದರ ಒಳಗೆ ಅವಳು ಕೂತಿದ್ದಳು. ಬರೀ ಆಟ ಅಂತ ಹೇಳುವ ಸೌಕರ್ಯವೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಹಾಗಂತ ಕತೆಯಲ್ಲಿ ಕೆಟ್ಟವರು ಕೆಟ್ಟದ್ದು ಮಾಡಬಾರದು ಅಂತಲ್ಲ. ಗುಂಡಕ್ಕನನ್ನು ಆಡುವವಳಿಗೇ ಒಂದು ದಿನ ಅಂಥ ಕುಡುಕನನ್ನು ಎದುರಿಸಿ ಅವನ ಹಲ್ಲು ಉದುರಿಸುವ ಕತೆ ಬೇಕು ಅನಿಸಬಹುದು. ಆಟ ಅದಕ್ಕೆ ಒಳ್ಳೇ ಜಾಗ. ವ್ಯತ್ಯಾಸ ಅವಳು ಬೇಕು ಅಂದಳಾ, ನಾನು ತಂದು ಹಾಕಿದೆನಾ ಅನ್ನೋದರಲ್ಲಿದೆ. ಈ ಆಟದವರು ಇದಕ್ಕೆ ಸರಳ ದಾರಿಗಳನ್ನು ಕಂಡುಕೊಂಡಿದ್ದಾರೆ. ಶುರುವಿನಲ್ಲೇ ಯಾವುದು ಕತೆಯಲ್ಲಿ ಬರಲೇಬಾರದು, ಯಾವುದು ಬಂದರೂ ಪರದೆ ಹಿಂದೆ ಆಗಬೇಕು ಅಂತ ಮಾತಾಡಿಕೊಳ್ಳೋದು ಒಂದು. ಮೇಜಿನ ಮಧ್ಯೆ ಎಕ್ಸ್ ಅಂತ ಬರೆದ ಕಾರ್ಡ್ ಇಡೋದು ಇನ್ನೊಂದು. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟು ಮುಂದೆ ಹೋಗೋದು, ಕಾರಣ ಕೇಳೋ ಹಾಗಿಲ್ಲ. ‘ಇದೆಲ್ಲ ಆಟದ ಮಜಾ ಹಾಳು ಮಾಡತ್ತೆ’ ಅಂತ ನಾನೇ ಹಿಂದೆ ಗೇಲಿ ಮಾಡಿದ್ದೆ. ಮಜಾ ಯಾರದ್ದು ಅಂತ ಆಗ ಕೇಳಿಕೊಂಡಿರಲಿಲ್ಲ.

ಗಂಡಸರು ಹೆಣ್ಣು ಪಾತ್ರ ಆಡೋದೇ ತಪ್ಪಾ ಅಂತ ಮಗು ಇರುವ ಗೆಳೆಯ ಕೇಳಿದ. ಅಲ್ಲವೇ ಅಲ್ಲ. ಕರಾವಳಿಯ ಯಕ್ಷಗಾನದಲ್ಲಿ ತಲೆಮಾರುಗಳಿಂದ ಗಂಡಸರು ಸ್ತ್ರೀವೇಷ ಹಾಕಿದ್ದಾರೆ. ಒಳ್ಳೇ ಸ್ತ್ರೀವೇಷಧಾರಿ ಪಾತ್ರದ ಸಂಕಟಕ್ಕೆ ಇಳೀತಾನೆ, ಕೆಟ್ಟವನು ನಡಿಗೆ ಬಳುಕಿಸಿ ಸಿಳ್ಳೆ ಗಿಟ್ಟಿಸ್ತಾನೆ. ಮೇಜಿನ ಮೇಲೂ ಅಷ್ಟೇ. ಪಾತ್ರದ ಒಳಗಿಂದ ಹೊರಗೆ ನೋಡ್ತಿದ್ದೀಯಾ, ಹೊರಗಿಂದ ಪಾತ್ರವನ್ನು ನೋಡ್ತಿದ್ದೀಯಾ?

*

ನನ್ನ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ನಾಲ್ಕು ವರ್ಷದಲ್ಲಿ ನಾನು ಹುಟ್ಟಿಸಿದ ಜನ ಅದರಲ್ಲಿದ್ದಾರೆ. ನಾವು ಆಡೋದು ಕನ್ನಡ ಇಂಗ್ಲಿಷ್ ಕಲಸಿದ ಭಾಷೆಯಲ್ಲಿ, ಅಲ್ಲೊಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ‘ಗಾರ್ಡ್’ ಅಂದರೆ ಗಂಡೋ ಹೆಣ್ಣೋ ಸ್ವಲ್ಪ ಹೊತ್ತು ಮುಚ್ಚಿಡಬಹುದು. ಕನ್ನಡದಲ್ಲಿ ‘ಬಂದರು’ ಅನ್ನದೆ ಹೋದರೆ ಆಗಲ್ಲ. ‘ಒಬ್ಬ ಬಂದ’ ಅನ್ನಬೇಕು, ಇಲ್ಲ ‘ಒಬ್ಬಳು ಬಂದಳು’. ಕ್ರಿಯಾಪದದ ಬಾಲದಲ್ಲೇ ಗುಟ್ಟು ರಟ್ಟಾಗತ್ತೆ. ನನ್ನ ನೋಟ್‌ಬುಕ್ಕಿನ ತುಂಬ ಅಂಗಡಿಯವನು, ಕಾವಲಿನವನು, ಕಮ್ಮಾರ, ದೋಣಿಯವನು, ಮುದುಕ ಮಂತ್ರವಾದಿ, ಲಂಚ ತಿನ್ನೋ ಅಧಿಕಾರಿ. ಒಳ್ಳೆಯವರು, ಕೆಟ್ಟವರು, ಪೆದ್ದರು, ಎಲ್ಲ ಥರದ ಗಂಡಸರು. ಹೆಂಗಸರನ್ನು ಒಂದು ಕೈಬೆರಳಲ್ಲಿ ಎಣಿಸಿದೆ: ಅಪಹರಣವಾದ ರಾಜಕುಮಾರಿ, ಹೆಂಡದಂಗಡಿಯವನ ಮಗಳು, ಮಾಟಗಾತಿ, ಕತೆ ಶುರುವಾಗೋ ಮೊದಲೇ ಸತ್ತ ತಾಯಿ. ಯಾರನ್ನೂ ಅವಮಾನಿಸಬೇಕು ಅಂತ ನಾನು ಬರೆದಿರಲಿಲ್ಲ. ಯೋಚಿಸದೆ ಬರೆದದ್ದು. ಯೋಚಿಸದೆ ಇದ್ದಾಗ ಕೈ ಎಲ್ಲಿಗೆ ಹೋಗತ್ತೋ ಅದೇ ನಮ್ಮ ಪಟ್ಟಿ.

‘ಪೇಜ್ ನಂಬರ್ ಕೊಡು’ ಅನ್ನುವ ಪ್ರಶ್ನೆ ನಮಗೆ ಹೊಸದಲ್ಲ ಅಂತ ಆಗ ಅನಿಸಿತು. ದಾಳದಾಟ ನಡೆದ ಇನ್ನೊಂದು ಸಭೆಯಲ್ಲಿ ಒಬ್ಬಳು ಇದೇ ಥರದ, ಶುದ್ಧ ನಿಯಮದ ಪ್ರಶ್ನೆ ಕೇಳಿದ್ದಳು: ಮೊದಲು ತನ್ನನ್ನೇ ಸೋತವನಿಗೆ ಆಮೇಲೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಹಿರಿಯರು ಧರ್ಮ ಸೂಕ್ಷ್ಮ ಅಂದರು. ದಾಳ ಬಿದ್ದಾಗಿದೆ, ಏನು ಮಾಡೋಣ ಅನ್ನುವ ಮುಖ ಮಾಡಿ ಕೂತರು. ಬಾಯಿ ಬಿಟ್ಟವನು ವಿಕರ್ಣ, ಅವನನ್ನೂ ಕೂರಿಸಿದರು. ಹೋಲಿಕೆ ದೊಡ್ಡದಾಯ್ತು, ಗೊತ್ತು. ನಮ್ಮದು ಬನಶಂಕರಿಯ ಊಟದ ಮೇಜು, ಕೋ​ಡುಬಳೆ ತಿನ್ನುವ ಜನ. ಆದರೂ ಆ ಕತೆ ಕೇಳುವಾಗಲೆಲ್ಲ ನಾನು ಶಕುನಿಯ ದಾಳಗಳ ಮೇಲೆ ಸಿಟ್ಟಾಗುತ್ತಿದ್ದೆ. ದಾಳ ಮೋಸದ್ದೇ ಇರಲಿ, ಪಣ ಏನು ಅಂತ ಹೇಳಿದ್ದು ದಾಳ ಅಲ್ಲವಲ್ಲ. ಹೆಂಡತಿಯ ಹೆಸರು ಹೇಳಿದ ಬಾಯಿ ಒಂದಿತ್ತು. ನಮ್ಮ ಮೇಜಿನಲ್ಲಿ ಆ ಬಾಯಿ ನನ್ನದು. ವಿಕರ್ಣ ಇರಲಿಲ್ಲ.

ಈಗಲೂ ನಾನು ಡಿಎಂ. ಒಂದೆರಡು ಅಭ್ಯಾಸ ಬದಲಿಸಿದ್ದೇನೆ. ಹೊಸಬರು ಬಂದರೆ ಮೊದಲು ಹತ್ತು ನಿಮಿಷ ಏನು ಬೇಕು, ಏನು ಬೇಡ ಅಂತ ಮಾತು. ಕಾರ್ಡ್ ಮೇಜಿನ ಮೇಲಿರತ್ತೆ, ಎರಡು ಸಲ ಮುಟ್ಟಿದ್ದಾರೆ, ಒಂದು ಸಲ ಮುಟ್ಟಿದವನು ಗಂಡಸು. ಯಾರ ಏಟಾದರೂ ತಪ್ಪಿದರೆ, ‘ಹೇಗೆ ತಪ್ಪಿತು, ನೀವೇ ಹೇಳಿ’ ಅಂತೀನಿ. ಸೋಲನ್ನು ಅವರವರೇ ಬಣ್ಣಿಸಿಕೊಂಡಾಗ ನಗು ಜಾಸ್ತಿಯೇ ಬರತ್ತೆ. ಹೊಸ ಪಾತ್ರ ಹುಟ್ಟಿಸುವಾಗ ಇಪ್ಪತ್ತರ ದಾಳ ಹಾಕ್ತೀನಿ: ಬೆಸ ಬಂದರೆ ಗಂಡು, ಸಮ ಬಂದರೆ ಹೆಣ್ಣು, ಇಪ್ಪತ್ತೇ ಬಿದ್ದರೆ ಎರಡೂ ಅಲ್ಲ. ಕಳೆದ ತಿಂಗಳು ಲಂಚ ತಿನ್ನೋ ಅಧಿಕಾರಿ, ಹೆಣ ಹೂಳುವವರು, ದೋಣಿ ನಡೆಸುವವರು ಮೂವರೂ ಹೆಂಗಸರಾದರು. ಅವರು ಒಳ್ಳೆಯವರೇನೂ ಆಗಲಿಲ್ಲ. ದೋಣಿಯವಳು ನಮ್ಮನ್ನ ಚೆನ್ನಾಗಿ ಬೋಳಿಸಿದಳು.

ಇದರಿಂದ ತಲೆಯೊಳಗಿನ ಪಟ್ಟಿ ಅಳಿಸಿಹೋಯ್ತಾ ಅಂದರೆ ಇಲ್ಲ. ಅದು ಅಲ್ಲೇ ಇದೆ ಅಂತ ಗೊತ್ತಾಗಿದೆ.

ಗೆಳತಿಗೆ ಕ್ಷಮೆ ಕೇಳಿದ್ದು ಆರು ತಿಂಗಳು ಕಳೆದ ಮೇಲೆ. ಮೆಸೇಜ್ ಬರೆದು, ಅಳಿಸಿ, ಮತ್ತೆ ಬರೆದೆ. ಈ ಸಲ ದಾಳದ ಹೆಸರೆತ್ತಲಿಲ್ಲ. ‘ಅದನ್ನ ಹೇಳಿದ್ದು ನಾನು. ತಪ್ಪಾಯ್ತು’ ಅಂತಷ್ಟೇ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: ‘ಗುಂಡಕ್ಕನ ಶೀಟ್ ನಿನ್ ಹತ್ರ ಇದ್ಯಾ? ಫೋಟೋ ಕಳ್ಸು.’

ಫೈಲಿನಲ್ಲಿತ್ತು. ಅವಳದ್ದೇ ಪೆನ್ಸಿಲ್ ಅಕ್ಷರ, ಮೂಲೆಯಲ್ಲಿ ಎರಡು ಜಡೆಯ ಗಡ್ಡದ ಪುಟ್ಟ ಚಿತ್ರ. ಫೋಟೋ ತೆಗೆದು ಕಳಿಸಿದೆ. ಬೇರೆ ಯಾವುದೋ ಮೇಜಿನಲ್ಲಿ ಈಗ ಗುಂಡಕ್ಕನನ್ನು ಆಡ್ತಿದ್ದಾಳೆ ಅಂತ ಇನ್ನೊಬ್ಬ ಗೆಳೆಯನಿಂದ ಗೊತ್ತಾಯ್ತು. ಎಷ್ಟನೇ ಲೆವೆಲ್ಲಿಗೆ ಬಂದಿದ್ದಾಳೆ, ಇನ್ನೂ ಗಡ್ಡಕ್ಕೆ ಎಣ್ಣೆ ಹಚ್ತಾಳಾ ಅಂತ ಕೇಳಬೇಕು ಅನಿಸತ್ತೆ. ಇನ್ನೂ ಕೇಳಿಲ್ಲ.